ಪ್ರ: ಬೀಜಗಣಿತದ ಪ್ರೊಫೆಸರ್ ಆಗಲು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಸಾಕಾ?

ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳಿಗೆ ನೆಟ್ ಸಾಕಾ, ಪಿಎಚ್‌ಡಿಯೂ ಬೇಕಾ ಅಂತ ಕೇಳಿದ್ದೀರಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಲು ನೆಟ್ ಅಥವಾ ಕೆ-ಸೆಟ್ (ಕರ್ನಾಟಕದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಸಾಕು. ಪಿಎಚ್‌ಡಿ ಕಡ್ಡಾಯವಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲೇ ಹೇಳಿದೆ. ಆದರೆ ಅಸೋಸಿಯೇಟ್ ಪ್ರೊಫೆಸರ್ ಆಗಲು ಅದು ಬೇಕೇ ಬೇಕು.

ನನ್ನ ಕೇಳಿದರೆ, ಪಿಎಚ್‌ಡಿ ಮಾಡುವುದಾದರೆ ಗೈಡ್ (ಸಂಶೋಧನಾ ಮಾರ್ಗದರ್ಶಕರು) ಆಯ್ಕೆಯೇ ದೊಡ್ಡ ವಿಷಯ. ಮನೆಗೆ ಹತ್ತಿರ ಅಂತ ಸುಮ್ನೆ ಯಾರ ಬಳಿಯೋ ಸೇರಿಸಬೇಡಿ. ಬೀಜಗಣಿತದ ಗ್ರೂಪ್ ಥಿಯರಿ ಇಷ್ಟಪಡುವವಳು ದ್ರವಚಲನೆಯ ಗೈಡ್ ಹತ್ತಿರ ಏನು ಮಾಡ್ತಾಳೆ? ಗೈಡ್ ಆಗುವವರ ಇತ್ತೀಚಿನ ಪ್ರಬಂಧಗಳನ್ನು ಅವಳೇ ತೆರೆದು ನೋಡಲಿ. ಈಗಲೇ ಬೀಜಗಣಿತದ ರಿಂಗ್, ಮಾಡ್ಯೂಲ್, ಗಾಲ್ವಾ ಸಿದ್ಧಾಂತದ ಲೆಕ್ಕಗಳನ್ನು ಉತ್ತರ ನೋಡದೆ ಬಿಡಿಸಲಿ. ಬರೀ ನೋಟ್ಸ್ ಓದಿದರೆ ಸಂದರ್ಶನದಲ್ಲಿ ಗೊತ್ತಾಗಿಬಿಡುತ್ತೆ. ಖರ್ಚಿನ ಚಿಂತೆಯಿದ್ದರೆ, ಗಣಿತ ಪಿಎಚ್‌ಡಿಗೆಂದೇ ಎನ್‌ಬಿಎಚ್‌ಎಂ (ರಾಷ್ಟ್ರೀಯ ಉನ್ನತ ಗಣಿತ ಮಂಡಳಿ) ವಿದ್ಯಾರ್ಥಿವೇತನ ಇದೆ, ಅದಕ್ಕೂ ಪರೀಕ್ಷೆ ಬರೆಸಿ.