ಹಳೆಯ ಬಾವಿಕಟ್ಟೆ ಬರೆದರೆ ಹೊಸ ಇಟ್ಟಿಗೆ ಗೋಡೆ ಥರ ಕಾಣುತ್ತದೆ, ಏನು ಮಾಡಲಿ?

ಅಜ್ಜನ ಮನೆ ಹಿತ್ತಲಿನ ಜಂಬಿಟ್ಟಿಗೆ ಬಾವಿಕಟ್ಟೆಯನ್ನು ವಾಟರ್ ಕಲರ್‌ನಲ್ಲಿ ಬರೆಯುತ್ತಿದ್ದೀರಿ. ಕಲ್ಲು ನಿನ್ನೆ ಕಟ್ಟಿದ ಹಾಗಿದೆ, ಸುತ್ತಲಿನ ಕೆಸು, ಜರಿಗಿಡ ಎಲ್ಲ ಒಂದೇ ಹಸಿರು ಅಂದಿದ್ದೀರಿ. ಇಂಥದ್ದೇ ಒಂದು ಕಟ್ಟೆಯನ್ನು ನಾನು ಮೂರು ಮಳೆಗಾಲ ಬರೆದಿದ್ದೇನೆ.

ಮೊದಲು ಬ್ರಷ್ ಪಕ್ಕಕ್ಕಿಡಿ. ಮಳೆ ನೀರು ಕಟ್ಟೆಯ ಮೇಲೆ ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಜಂಬಿಟ್ಟಿಗೆ ಕಡಿಯುವಾಗ ಮೆತ್ತಗೆ, ಕೆಂಪಗೆ ಇರುತ್ತದೆ. ಇಟ್ಟಿಗೆ ಹಾಗೆ ಕತ್ತರಿಸಬಹುದು. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದೂ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದಲೇ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ, ಮಳೆಗೆ ಕಪ್ಪಾಗುತ್ತದೆ. ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ನೀರು ಇಳಿಯುವಲ್ಲಿ ಕಪ್ಪು ಪಟ್ಟೆ, ನಿಲ್ಲುವ ಸಂದಿನಲ್ಲಿ ಪಾಚಿ. ಕೊಡ ಇಟ್ಟು ಎತ್ತಿ ಸವೆದ ಅಂಚು ಮಾತ್ರ ಇನ್ನೂ ಕೆಂಪು. ನಿಮ್ಮ ಚಿತ್ರದಲ್ಲಿ ಬಿಟ್ಟುಹೋಗಿರುವುದು ಇದೇ ಅನ್ನಿಸುತ್ತದೆ.

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ ದಪ್ಪನೆಯ) ಒರಟು ಹಾಳೆ ತೆಗೆದುಕೊಳ್ಳಿ. ಕಟ್ಟೆಗೆಲ್ಲ ತೆಳುವಾಗಿ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಹಚ್ಚಿ. ಆ ಬಣ್ಣದ ಕೆಂಪೂ ಈ ಕಲ್ಲಿನ ಕೆಂಪೂ ಕಬ್ಬಿಣದ ಆಕ್ಸೈಡಿನಿಂದಲೇ ಬಂದದ್ದು, ಅದಕ್ಕೇ ಅಷ್ಟು ಚೆನ್ನಾಗಿ ಹೊಂದುತ್ತದೆ. ಒದ್ದೆ ಇರುವಾಗಲೇ ಮೇಲಂಚಿನಲ್ಲಿ ದಟ್ಟ ಅಲ್ಟ್ರಾಮರೀನ್ ನೀಲಿ ತಾಗಿಸಿ, ಹಾಳೆಯನ್ನು ನೆಟ್ಟಗೆ ನಿಲ್ಲಿಸಿಬಿಡಿ. ಕೆಂಪಿನ ಜೊತೆ ಬೆರೆತು ಕಪ್ಪಾದ ಬಣ್ಣ ಮಳೆ ನೀರು ಇಳಿದ ಹಾಗೇ ಇಳಿಯುತ್ತದೆ. ಅಲ್ಟ್ರಾಮರೀನ್ ಕಣಗಳು ಹಾಳೆಯ ಗುಳಿಗಳಲ್ಲಿ ಕೂತು ಜಂಬಿಟ್ಟಿಗೆಯ ತೂತುಗಳೂ ತಾವಾಗಿ ಬರುತ್ತವೆ. ಟ್ಯೂಬಿನ ಕಪ್ಪು ಮಾತ್ರ ಬೇಡ. ನನ್ನ ಮೊದಲ ಎರಡು ಚಿತ್ರ ಅದರಿಂದಲೇ ಸತ್ತುಹೋದವು.

ಪೂರ್ತಿ ಒಣಗಿದ ಮೇಲೆ ಕಲ್ಲುಹೂವು. ಮಸಾಲೆಗೆ ಹಾಕುತ್ತೇವಲ್ಲ, ಅದೇ ಬಳಗದ್ದು. ಒದ್ದೆ ಬ್ರಷ್‌ನಿಂದ ಅಲ್ಲಲ್ಲಿ ಸ್ವಲ್ಪ ಉಜ್ಜಿ, ಟಿಶ್ಯೂ ಒತ್ತಿ ತೆಗೆದರೆ ಬಿಳಿಚಿದ ಕಲೆ ಉಳಿಯುತ್ತದೆ.

ಎಲೆಗಳಿಗೆ ಸ್ಯಾಪ್ ಗ್ರೀನ್ ಒಂದನ್ನೇ ಬಳಸಬೇಡಿ. ಕೆಸುವಿನ ಎಲೆಯನ್ನೇ ನೋಡಿ. ಹಿಂದಿನಿಂದ ಬಿಸಿಲು ಬಿದ್ದರೆ ಹೆಚ್ಚುಕಮ್ಮಿ ಹಳದಿ. ಅದೇ ಎಲೆ ಆಕಾಶಕ್ಕೆ ಮುಖ ಮಾಡಿದ್ದರೆ ಬೂದು ನೀಲಿ. ಬಿಸಿಲಿಗೆ ಲೆಮನ್ ಯೆಲ್ಲೋ ಜಾಸ್ತಿ, ನೀಲಿ ಕಮ್ಮಿ. ನೆರಳಿಗೆ ಇಂಡಿಗೋ ಎಂಬ ಕಡುನೀಲಿ, ಹಳದಿ, ಜೊತೆಗೆ ಕಲ್ಲಿಗೆ ಹಾಕಿದ ಅದೇ ಬರ್ಂಟ್ ಸಿಯೆನ್ನಾ. ಜರಿಗಿಡವನ್ನು ಒಂದೊಂದೇ ಎಲೆಯಾಗಿ ಬರೆಯಲು ಹೋಗಬೇಡಿ. ತಿಳಿಹಸಿರು ಹಚ್ಚಿ ಒಣಗಿಸಿ, ಎಲೆಗಳ ನಡುವಿನ ಕತ್ತಲನ್ನು ಮಾತ್ರ ಬರೆಯಿರಿ.

ಕಟ್ಟೆಯ ಮೇಲೆ ಬಿದ್ದ ಎಲೆಯ ನೆರಳು ಕೊನೆಗೆ. ತೆಳು ಅಲ್ಟ್ರಾಮರೀನ್, ಒಂದೇ ಸಲ. ಎರಡನೇ ಸಲ ಬ್ರಷ್ ಆಡಿಸಿದರೆ ಕೆಳಗಿನ ಕೆಂಪು ಕದಡುತ್ತದೆ. ಮುಗಿದ ಮೇಲೆ ಚಿತ್ರ ಇಲ್ಲೇ ಹಾಕಿ, ನನಗೂ ನೋಡುವ ಆಸೆ.