ಅಕ್ಕನಂತಿಲ್ಲದ ತಮ್ಮ

ಪ್ರಶ್ನೆ: ನನ್ನ ಮಗಳು ಕೂಸಾಗಿದ್ದಾಗ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದಳು, ಯಾರು ಎತ್ತಿಕೊಂಡರೂ ನಗುತ್ತಿದ್ದಳು. 14 ತಿಂಗಳ ಮಗ ಹಾಗಲ್ಲ. ಹೊಸಬರನ್ನು ಕಂಡರೆ ನನ್ನ ಹೆಗಲಲ್ಲಿ ಮುಖ ಮರೆಸುತ್ತಾನೆ, ಹೊಸ ಅಂಗಿ ತೊಡಿಸಿದರೂ ರಚ್ಚೆ ಹಿಡಿಯುತ್ತಾನೆ. ನಾನೇ ಸದಾ ಎತ್ತಿಕೊಂಡು ಕೆಡಿಸಿದೆನೆಂದು ಮನೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಅಳುವ ಕೂಸನ್ನು ಎತ್ತಿ ಸಂತೈಸಿದರೆ ಅದು ಕೆಡುವುದಿಲ್ಲ. ಹೊಸಬರ ಭಯ 8 ತಿಂಗಳ ಆಸುಪಾಸಿನಲ್ಲಿ ಬಹುತೇಕ ಮಕ್ಕಳಲ್ಲಿ ತಲೆದೋರುವುದರಿಂದ ಅದೊಂದನ್ನೇ ಹಿಡಿದು ಏನನ್ನೂ ಹೇಳಲಾಗದು. ಆದರೆ ಮುಖ, ಜಾಗ, ಬಟ್ಟೆ ಯಾವುದು ಬದಲಾದರೂ ಮಗ ಹೀಗೆಯೇ ಹಿಂಜರಿಯುತ್ತಾನೆಂದರೆ ಅದು ಅವನ ಮನೋಧರ್ಮ, ಅಂದರೆ ಹುಟ್ಟಿನಿಂದ ಬಂದ ಸ್ವಭಾವವಿರಬಹುದು.

ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಮಕ್ಕಳನ್ನು ಹಸುಗೂಸಿನಿಂದ ಪ್ರಾಯದವರೆಗೆ ಗಮನಿಸುತ್ತ ಬಂದರು. ಚಟುವಟಿಕೆ, ಹಸಿವು ನಿದ್ದೆಗಳ ಕ್ರಮ, ಬದಲಾವಣೆಗೆ ಒಗ್ಗುವ ವೇಗ, ಭಾವನೆಯ ತೀವ್ರತೆ ಮೊದಲಾದ 9 ಗುಣಗಳನ್ನು ಅಳೆದಾಗ ಸುಮಾರು ಶೇ. 40ರಷ್ಟು ಮಕ್ಕಳು ನಿಮ್ಮ ಮಗಳಂತೆ ಸರಾಗ, ಶೇ. 10ರಷ್ಟು ಮಕ್ಕಳನ್ನು ಸಂಭಾಳಿಸುವುದು ಕಷ್ಟ, ಶೇ. 15ರಷ್ಟು ಮಕ್ಕಳು ನಿಧಾನವಾಗಿ ಬೆರೆಯುವವರು ಎಂದು ಕಂಡುಬಂತು. ಉಳಿದ ಶೇ. 35ರಷ್ಟು ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ. ಮಗುವಿಗೆ ಹಣೆಪಟ್ಟಿ ಹಚ್ಚುವ ಆತುರದಲ್ಲಿ ನಾವು ಮರೆಯುವುದು ಈ ಕೊನೆಯ ಅಂಕಿಯನ್ನೇ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಇಲ್ಲಿ ನಾನು ಪೂರ್ತಿ ಒಪ್ಪಲಾರೆ. 4 ತಿಂಗಳಲ್ಲಿ ಹೊಸ ಶಬ್ದ, ಹೊಸ ನೋಟಗಳಿಗೆ ಕೈಕಾಲು ಬಡಿದು ಅಳುವ ಕೂಸುಗಳು ಮುಂದೆ ಸಂಕೋಚದವರಾಗುವ ಸಾಧ್ಯತೆ ಹೆಚ್ಚೆಂದು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕೇಗನ್ ತೋರಿಸಿದರು ನಿಜ. ಆದರೆ ಅವರಲ್ಲೇ ಅನೇಕರು ಬೆಳೆಯುತ್ತ ಆ ಅಂಜಿಕೆಯನ್ನು ಕಳೆದುಕೊಂಡರು. ಥಾಮಸ್ ಮತ್ತು ಚೆಸ್ ಒತ್ತಿ ಹೇಳಿದ್ದು ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಇರಬೇಕಾದ ಹೊಂದಿಕೆಯನ್ನು. ನಿಮ್ಮ ಮನೆಯಲ್ಲಿ ಅಳತೆಗೋಲು ಮೊದಲೇ ಸಿದ್ಧವಾಗಿತ್ತು, ಅದು ಅಕ್ಕನದು.

ಆದ್ದರಿಂದ ಅತಿಥಿಗಳು ಬಂದ ಕೂಡಲೇ ಮಗನನ್ನು ಅವರ ಕೈಗೆ ಕೊಡಬೇಡಿ. ನಿಮ್ಮ ಮಡಿಲಲ್ಲೇ ಕುಳಿತು ನೋಡಲಿ, ತಾನಾಗಿ ಇಳಿಯಲಿ. ಹೊಸ ಅಂಗಿಯನ್ನು ಒಂದೆರಡು ದಿನ ಆಟಕ್ಕೆ ಕೊಟ್ಟು ಆಮೇಲೆ ತೊಡಿಸಿ. ಹಾಗೆಂದು ಅಳುತ್ತಾನೆಂಬ ಕಾರಣಕ್ಕೆ ಹೊಸ ಜಾಗ, ಹೊಸ ಮುಖಗಳನ್ನೇ ತಪ್ಪಿಸುತ್ತ ಹೋದರೆ ಅಂಜಿಕೆ ಬೇರೂರುತ್ತದೆ. ಹೆಸರು ಕರೆದರೂ ತಿರುಗದಿದ್ದರೆ, ಬೇಕಾದುದನ್ನು ಕೈಸನ್ನೆಯಿಂದ ತೋರಿಸದಿದ್ದರೆ ಅಥವಾ ಕಲಿತ ಮಾತು ಮರೆಯತೊಡಗಿದರೆ ಅದನ್ನು ಸ್ವಭಾವವೆಂದು ಬಿಡದೆ ಮಕ್ಕಳ ವೈದ್ಯರಿಗೆ ತೋರಿಸಿ.