ನಾಯಿಗೆ ವಿಮೆ ಮಾಡಿಸಿದರೆ ಅದರ ಆರೋಗ್ಯಕ್ಕೆ ನಿಜವಾಗಿ ಉಪಯೋಗ ಆಗುತ್ತದೆಯೇ?

ಆಗುತ್ತದೆ, ಪಾಲಿಸಿಯಲ್ಲಿ ಚಿಕಿತ್ಸೆಯ ಖರ್ಚು ಸೇರಿದ್ದರೆ. ನಮ್ಮ ಧಾರವಾಡದ ಕಡೆ ವಿಮೆ ಅಂದರೆ ಮೊದಲು ನೆನಪಾಗುವುದು ಆಕಳು, ಎಮ್ಮೆಗಳ ಕಿವಿಯ ಹಳದಿ ಓಲೆ. ಆ ವಿಮೆ ಸಾಮಾನ್ಯವಾಗಿ ದನ ಸತ್ತ ಮೇಲೆ ಪರಿಹಾರ ಕೊಡುವಂಥದ್ದು. ಬದುಕಿರುವಾಗ ಡಾಕ್ಟರನ್ನು ಕರೆಸುವ ಖರ್ಚು ರೈತನದೇ.

ನಾಯಿಯ ವಿಚಾರ ಬೇರೆ. ನಮ್ಮ ಮೂರು ತಿಂಗಳ ಮರಿಗೆ ಪಾರ್ವೊ, ಅಂದರೆ ವಾಂತಿ-ಭೇದಿ ತರುವ ವೈರಸ್ ರೋಗ, ಬಂದಾಗ ಆಸ್ಪತ್ರೆಯಲ್ಲಿ ಐದು ದಿನ ಸಲಾಯಿನ್ ಹಚ್ಚಿಸಿದೆವು. ಬಾಟಲಿ ಕಿಟಕಿಯ ಸರಳಿಗೆ ಕಟ್ಟಿತ್ತು. ಸೂಜಿ ಚುಚ್ಚಿದ ಮುಂಗಾಲು ಅಲುಗದಂತೆ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದವರು ಎರಡನೇ ದಿನಕ್ಕೇ ದುಡ್ಡು ಸಾಲದೆ ತಮ್ಮ ಮರಿಯನ್ನು ಚೀಲದಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ವಿಮೆ ಕೈಹಿಡಿಯುವುದು ಇಂಥಲ್ಲೇ: ರಕ್ತಪರೀಕ್ಷೆ, ಎಕ್ಸ್‌ರೇ ಮಾಡಿಸೋಣವೇ ಎಂದು ಡಾಕ್ಟರ್ ಕೇಳಿದಾಗ ಹೂಂ ಅನ್ನಲು ಧೈರ್ಯ ಬರುತ್ತದೆ. ಡಾಕ್ಟರಿಗೂ ಅರ್ಧಕ್ಕೆ ನಿಲ್ಲಿಸಬೇಕಾದ ಸಂಕಟ ತಪ್ಪುತ್ತದೆ.

ಸ್ವೀಡನ್‌ನಲ್ಲಿ ಬಹುಪಾಲು ನಾಯಿಗಳಿಗೆ ವಿಮೆ ಇದೆ. ಯಾವ ತಳಿಗೆ ಯಾವ ರೋಗ ಹೆಚ್ಚು ಎಂಬುದನ್ನು ಸಂಶೋಧಕರು ಅಲ್ಲಿನ ವಿಮೆ ದಾಖಲೆಗಳಿಂದಲೇ ಹೆಕ್ಕಿ ತೆಗೆದಿದ್ದಾರೆ.

ಒಂದು ಎಚ್ಚರಿಕೆ. ಲಸಿಕೆ ಹಾಕಿಸದೆ ಬಂದ ಪಾರ್ವೊಗೆ, ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಶುರುವಿನಲ್ಲಿ ಕಾಯಬೇಕಾದ ಅವಧಿಯೂ ಇರುತ್ತದೆ. ಹೀಗಾಗಿ ಮರಿ ಆರೋಗ್ಯವಾಗಿರುವಾಗಲೇ ಮಾಡಿಸಿ. ಲಸಿಕೆ ಕಾರ್ಡಿನಲ್ಲಿ ಡಾಕ್ಟರ ಸಹಿ, ಶಿಕ್ಕಾ, ತಾರೀಖು ಮೂರೂ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.